ಹೊನ್ನಾವರದ ಶರಾವತಿ ದೋಣಿ ಸವಾರಿ: ದುಡ್ಡು ಕೊಟ್ಟು ಹೋಗಬಹುದಾ?

ಹೋಗಬಹುದು, ಖುಷಿಯಿಂದ ಹೋಗಬಹುದು. ಆದರೆ ಯಾವ ಹೊತ್ತಿಗೆ ಹೋಗುತ್ತೀರಿ, ಯಾವ ದೋಣಿ ಹತ್ತುತ್ತೀರಿ, ದೋಣಿಯವರ ಹತ್ತಿರ ಏನು ಕೇಳುತ್ತೀರಿ, ಇದರ ಮೇಲೆ ಎಲ್ಲಾ ನಿಂತಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬೆಂಗಳೂರು, ಶಿವಮೊಗ್ಗದ ಕಡೆಯಿಂದ ಹೊರಡುವ ಜಾಸ್ತಿ ಜನಕ್ಕೆ ಹೊನ್ನಾವರ ಅಂದರೆ ಒಂದು ಸರ್ಕಲ್ ಅಷ್ಟೇ. ಜೋಗದ ಹತ್ತಿರದಿಂದ ಘಟ್ಟ ಇಳಿದು ಬಂದ ರಸ್ತೆ ಇಲ್ಲಿ 66ನೇ ಹೆದ್ದಾರಿಗೆ ಸೇರುತ್ತದೆ. ಎಡಕ್ಕೆ ತಿರುಗಿದರೆ ಮುರ್ಡೇಶ್ವರ, ಬಲಕ್ಕೆ ತಿರುಗಿದರೆ ಗೋಕರ್ಣ. ಒಂದು ಚಾ ಕುಡಿದು, ಗಾಡಿಗೆ ಪೆಟ್ರೋಲ್ ಹಾಕಿಸಿ ಮುಂದೆ ಹೋಗುತ್ತಾರೆ. ಎಡಕ್ಕೆ ತಿರುಗಿದವರು ಸೇತುವೆ ಮೇಲೆ ಬಂದಾಗ ಅಬ್ಬಾ ಎಷ್ಟು ಅಗಲದ ಹೊಳೆ ಅಂತ ಕಿಟಕಿಯಿಂದ ಒಂದು ವಿಡಿಯೋ ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಸೇತುವೆ ಮುಗಿದಿರುತ್ತದೆ. ಇಡೀ ಊರು ಹುಟ್ಟಿದ್ದೇ ಆ ಹೊಳೆಯಿಂದ. ರಸ್ತೆಯಿಂದ ನೋಡಿದರೆ ಹೊನ್ನಾವರದಲ್ಲಿ ಅಂಗಡಿ, ಬಸ್ ಸ್ಟ್ಯಾಂಡು, ಧೂಳು ಬಿಟ್ಟು ಬೇರೇನೂ ಕಾಣಲ್ಲ. ನೀರಿನ ಮೇಲೆ ಕೂತು ನೋಡಿದರೆ ಮಾತ್ರ ಈ ಊರು ಯಾಕೆ ಇಲ್ಲಿದೆ, ಯಾಕೆ ಒಂದು ಕಾಲಕ್ಕೆ ಅಷ್ಟು ದೊಡ್ಡ ಹೆಸರಿತ್ತು, ಯಾಕೆ ಈಗ ಸಣ್ಣದಾಗಿ ಉಳಿದಿದೆ ಅನ್ನೋದು ಗೊತ್ತಾಗುತ್ತದೆ. ಈ ದೋಣಿ ಸವಾರಿಗೆ ನಾನು ಒಳ್ಳೆ ಅಂಕ ಕೊಡೋದು ಇದೇ ಕಾರಣಕ್ಕೆ.

ಸೇವೆ ತುಂಬಾ ಸರಳ. ಹೆದ್ದಾರಿ ಸೇತುವೆಯ ಆಸುಪಾಸಿನಲ್ಲಿ, ಹೊನ್ನಾವರದ ದಡದಲ್ಲೂ ಎದುರಿನ ಕಾಸರಕೋಡದ ದಡದಲ್ಲೂ, ಮೇಲೆ ಚಪ್ಪರ ಹಾಕಿದ ಮೋಟಾರು ದೋಣಿಗಳು ನಿಂತಿರುತ್ತವೆ. ಒಂದೊಂದು ಕುಟುಂಬದ್ದು ಒಂದೊಂದು ದೋಣಿ. ಸಾಮಾನ್ಯವಾಗಿ ಸೇತುವೆಯಿಂದ ಪೂರ್ವಕ್ಕೆ, ಅಂದರೆ ಹೊಳೆಯ ಮೇಲ್ಗಡೆಗೆ ಹೋಗಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಸಂದಿಗಳಲ್ಲಿ ಸುತ್ತಾಡಿಸಿ, ನಡುಗಡ್ಡೆಗಳ ಪಕ್ಕದಲ್ಲಿ ಹಾದು ವಾಪಸ್ ಕರೆದುಕೊಂಡು ಬರುತ್ತಾರೆ. ರೇಟು ತಲೆಗಿಷ್ಟು ಅಂತಾನೂ ಇದೆ, ಇಡೀ ದೋಣಿಗಿಷ್ಟು ಅಂತಾನೂ ಇದೆ. ನಾಲ್ಕೈದು ಜನ ಇದ್ದರೆ ಇಡೀ ದೋಣಿ ಹಿಡಿಯೋದೇ ಒಳ್ಳೆಯದು. ಜಾಸ್ತಿ ಆಗುವ ದುಡ್ಡಿಗೆ ನಿಮ್ಮದೇ ಹೊತ್ತು ಸಿಗುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ನೀವೇ ಹೇಳಬಹುದು. ಎಷ್ಟು ಹೊತ್ತು, ಎಲ್ಲಿಯ ತನಕ, ಎಷ್ಟು ದುಡ್ಡು ಅನ್ನೋದನ್ನು ಹತ್ತುವ ಮುಂಚೆಯೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಈಗ ಮುಖ್ಯ ವಿಷಯ, ಭರತ ಮತ್ತು ಇಳಿತ. ಇದನ್ನು ಯಾವ ಜಾಹೀರಾತಿನಲ್ಲೂ ನಾನು ನೋಡಿಲ್ಲ. ಇಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನದಿನಕ್ಕೂ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಳಿತ ಇನ್ನೂ ಜೋರು. ನೀರು ಪೂರ್ತಿ ಇಳಿದ ಹೊತ್ತಿಗೆ ಹೋದರೆ ಕಾಂಡ್ಲಾ ಸಂದಿಗಳ ಒಳಗೆ ದೋಣಿ ಹೋಗಲ್ಲ, ಕೆಸರಿಗೆ ತಳ ತಾಗುತ್ತದೆ. ಆಗ ಹೊಳೆಯ ನಡುವೆ ಒಂದು ಸುತ್ತು ಹಾಕಿಸಿ ಇಳಿಸುತ್ತಾರೆ, ನೀವು ‘ಇಷ್ಟೇನಾ’ ಅಂತ ಮುಖ ಸಪ್ಪೆ ಮಾಡಿಕೊಂಡು ಬರುತ್ತೀರಿ. ಇಂಟರ್ನೆಟ್ಟಿನಲ್ಲಿ ಈ ಸವಾರಿಗೆ ಕಡಿಮೆ ಅಂಕ ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ತಪ್ಪು ಹೊತ್ತಿಗೆ ಹೋದವರು ಅಂತ ನನ್ನ ಅನಿಸಿಕೆ. ನೀರು ಏರುತ್ತಿರುವಾಗ ಹತ್ತಿ, ತುಂಬುವ ಹೊತ್ತಿಗೆ ಕಾಂಡ್ಲಾದ ಒಳಗಿರುವ ಹಾಗೆ ನೋಡಿಕೊಳ್ಳಿ. ಹಿಂದಿನ ದಿನವೇ ಫೋನು ಮಾಡಿ ‘ಅಣ್ಣ, ನಾಳೆ ಭರತ ಎಷ್ಟೊತ್ತಿಗೆ?’ ಅಂತ ಕೇಳಿದರೆ ಸಾಕು. ನಾನು ಹಾಗೆ ಕೇಳಿದ್ದಕ್ಕೆ ಆ ಕಡೆಯಿಂದ ದನಿಯೇ ಬದಲಾಯಿತು. ‘ಬೆಳಿಗ್ಗೆ ಬೇಗ ಬನ್ನಿ, ಒಳಗೆಲ್ಲಾ ಕರ್ಕೊಂಡು ಹೋಗ್ತೆ, ಹತ್ತು ಗಂಟೆ ಮೇಲೆ ಬಂದ್ರೆ ಒಳಗೆ ಹೋಗೂಕೆ ಆಗೂದಿಲ್ಲ’ ಅಂದರು. ಅಂಥವರ ದೋಣಿಯನ್ನೇ ಹತ್ತಿ.

ಕಾಂಡ್ಲಾದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಬಿಸಿಲಿನಿಂದ ಒಳಗೆ ಹೋದ ಕೂಡಲೇ ತಂಪು. ಎರಡೂ ಕಡೆಯಿಂದ ಕೊಂಬೆಗಳು ತಲೆ ಮೇಲೆ ಕೂಡಿಕೊಂಡಿವೆ. ಬೇರುಗಳು ಕಾಂಡದ ಮೇಲಿನಿಂದಲೇ ಕವಲೊಡೆದು ಬಿಲ್ಲಿನ ಹಾಗೆ ಬಾಗಿ ಕೆಸರಿಗೆ ಇಳಿದಿರುತ್ತವೆ. ಇನ್ನೊಂದು ಜಾತಿಯ ಗಿಡದ ಬೇರು ಕೆಳಗಿನಿಂದ ಮೇಲಕ್ಕೆ ಬೆಳೆದು ಕೆಸರಿನಿಂದ ತುದಿ ಹೊರಗೆ ಹಾಕಿ ಉಸಿರಾಡುತ್ತದೆ, ಯಾಕೆಂದರೆ ಆ ಕೆಸರಿನಲ್ಲಿ ಗಾಳಿಯೇ ಇಲ್ಲ. ಕೆಲವು ಗಿಡದಲ್ಲಿ ಕಾಯಿ ಮರದಲ್ಲಿರುವಾಗಲೇ ಮೊಳಕೆ ಬಂದು ಉದ್ದಕ್ಕೆ ಜೋತಾಡುತ್ತಿರುತ್ತದೆ, ಕಳಚಿ ಬಿದ್ದರೆ ನೇರ ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲದಿದ್ದರೆ ನೀರಿನಲ್ಲಿ ತೇಲಿಕೊಂಡು ಬೇರೆ ಜಾಗ ಹುಡುಕಿಕೊಳ್ಳುತ್ತದೆ. ಮೀನು, ಸೀಗಡಿಯ ಮರಿಗಳು ಬೆಳೆಯೋದು ಈ ಬೇರುಗಳ ನಡುವೆ. ದೊಡ್ಡ ಮೀನು ಒಳಗೆ ಬರೋದಕ್ಕಾಗಲ್ಲ, ತಿನ್ನೋದಕ್ಕೆ ಬೇಕಾದ್ದು ಅಲ್ಲೇ ಸಿಗುತ್ತದೆ. ದಡ ಕುಸಿಯದ ಹಾಗೆ ಹಿಡಿದುಕೊಂಡಿರೋದೂ ಇದೇ ಬೇರು. ಮೋಟಾರು ಬಂದ್ ಮಾಡಿ ಹತ್ತು ನಿಮಿಷ ಸುಮ್ನೆ ನಿಲ್ಲಿಸಿ ಅಂತ ಕೇಳಿ. ಮಿಂಚುಳ್ಳಿ, ಬೆಳ್ಳಕ್ಕಿ, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ, ಮೇಲೆ ಗಿರಕಿ ಹೊಡೆಯುವ ಗರುಡ, ಎಲ್ಲಾ ತಾವಾಗೇ ಬರುತ್ತವೆ.

ನೀರಿಗೆ ಹೆದರುವವರು, ತೀರಾ ಸಣ್ಣ ಮಕ್ಕಳಿರುವವರು ಕಾಸರಕೋಡದ ಕಡೆ ಇರುವ ಕಾಂಡ್ಲಾ ನಡಿಗೆಗೆ ಹೋಗಬಹುದು. ಕಾಡಿನ ಒಳಗೇ ಹಲಗೆ ದಾರಿ ಮಾಡಿದ್ದಾರೆ, ಕಾಲಿಗೆ ಕೆಸರಾಗಲ್ಲ. ಆದರೆ ದೋಣಿಯಲ್ಲಿ ಸಿಗುವ ಅಳತೆ ಅಲ್ಲಿ ಸಿಗಲ್ಲ. ಹೊಳೆ ಎಷ್ಟು ದೊಡ್ಡದು ಅಂತ ಮೈಗೆ ಗೊತ್ತಾಗಬೇಕಾದರೆ ಅದರ ನಡುವಿಗೇ ಬರಬೇಕು.

ನಡುವಿಗೆ ಬಂದಾಗ ಒಂದು ಸಲ ಸುತ್ತಲೂ ತಿರುಗಿ ನೋಡಿ. ಪೂರ್ವಕ್ಕೆ ಘಟ್ಟದ ಸಾಲು, ನೀಲಿಯಾಗಿ. ಅದರ ಬುಡದಲ್ಲಿ ಗೇರುಸೊಪ್ಪ. ಪಶ್ಚಿಮಕ್ಕೆ ಹೆದ್ದಾರಿ ಸೇತುವೆ, ಅದರಾಚೆ ಬಂದರು, ಅದರಾಚೆ ಹೊಳೆ ಕಡಲಿಗೆ ಸೇರುವ ಬಾಯಿ, ಅಂದರೆ ಅಳಿವೆ, ಮತ್ತು ಸಮುದ್ರ. ಇಷ್ಟರ ನಡುವೆ ಅಡ್ಡವಾಗಿ ಕೊಂಕಣ ರೈಲ್ವೆಯ ಸೇತುವೆ. ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದ, ಆ ಇಡೀ ರೈಲು ದಾರಿಯಲ್ಲಿ ಇದಕ್ಕಿಂತ ಉದ್ದದ ಸೇತುವೆ ಇನ್ನೊಂದಿಲ್ಲ. ರೈಲು ಬಂದರೆ ಮಕ್ಕಳು ಕುಣಿಯುತ್ತಾರೆ, ದೊಡ್ಡವರೂ ಫೋನು ಎತ್ತುತ್ತಾರೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಕೆಳಗೆ ಹಾರಿ ಬಂದ ಶರಾವತಿ ಇದೇನಾ ಅನ್ನಿಸುವಷ್ಟು ನಿಧಾನ, ಅಷ್ಟು ಅಗಲ. ಒಟ್ಟು 128 ಕಿಲೋಮೀಟರ್ ಉದ್ದದ ಹೊಳೆಗೆ ಕೊನೆಯಲ್ಲಿ ಇಷ್ಟು ದೊಡ್ಡ ಮೈ ಬಂದಿರೋದು ಸಮುದ್ರ ಒಳಗೆ ನುಗ್ಗಿ ಬಂದಿರೋದರಿಂದ.

ದೋಣಿಯವರ ಹತ್ತಿರ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಇಲ್ಲಿ ಮೊದಲು ಯಾವ ಮೀನು, ಯಾವ ಚಿಪ್ಪಿ ಸಿಗುತ್ತಿತ್ತು, ಈಗ ಏನು ಸಿಗುತ್ತದೆ? ನಾನು ಕೇಳಿದ್ದಕ್ಕೆ ಆ ಹಿರಿಯರು ಎಂಜಿನ್ ವೇಗ ಕಡಿಮೆ ಮಾಡಿ ತುಂಬಾ ಹೊತ್ತು ಮಾತಾಡಿದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ಆಮೇಲೆ ಗೇರುಸೊಪ್ಪದಲ್ಲಿ ಇನ್ನೊಂದು. ಕರೆಂಟು ತಯಾರಾದ ಮೇಲೆ ಆ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿದು ಬರುತ್ತದೆ. ಮೊದಲೆಲ್ಲಾ ಬೇಸಿಗೆಯಲ್ಲಿ ಹೊಳೆ ಸೊರಗಿ, ಭರತದ ಉಪ್ಪುನೀರು ಮೇಲಿನ ತನಕ ಏರುತ್ತಿತ್ತು. ಈಗ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದರೆ ಬಳಚು, ಕಲ್ಗದಂಥ ಚಿಪ್ಪಿ ಜಾತಿ ನಿಲ್ಲಲ್ಲ. ಪಕ್ಕದ ಕುಮಟಾದ ಅಘನಾಶಿನಿಗೆ ಅಣೆಕಟ್ಟೇ ಇಲ್ಲ, ಅಲ್ಲಿ ಇವತ್ತಿಗೂ ಜನ ಸೊಂಟದ ತನಕ ನೀರಿನಲ್ಲಿ ನಿಂತು ರಾಶಿ ರಾಶಿ ಬಳಚು ತೆಗೆಯುತ್ತಾರೆ. ಎರಡು ಹೊಳೆ, ಒಂದೇ ಕಡಲು, ನಡುವೆ ಸ್ವಲ್ಪವೇ ದೂರ, ಆದರೂ ಬದುಕು ಬೇರೆ ಬೇರೆ. ಬೆಂಗಳೂರಿನಲ್ಲಿ ಸ್ವಿಚ್ ಹಾಕುವ ನಮಗೆ ಇದು ಗೊತ್ತಿರಬೇಕು ಅಲ್ವಾ? ಈ ಒಂದು ಮಾತುಕತೆಗೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು ನನಗೆ.

ನನ್ನ ದೊಡ್ಡ ತಕರಾರೂ ಇಲ್ಲೇ ಇದೆ. ಈ ಜನರಿಗೆ ಗೊತ್ತಿರೋದೇ ಇಲ್ಲಿನ ನಿಜವಾದ ಸರಕು, ಅದನ್ನು ಯಾರೂ ಮಾರುತ್ತಿಲ್ಲ. ಬೋರ್ಡುಗಳಲ್ಲೆಲ್ಲಾ ‘ಫೋಟೋಶೂಟ್’, ‘ಪ್ರೀ ವೆಡ್ಡಿಂಗ್’, ‘ಬರ್ತ್‌ಡೇ’. ಕೆಲವು ದೋಣಿಗಳಲ್ಲಿ ಹತ್ತಿದ ತಕ್ಷಣ ಸ್ಪೀಕರ್ ಹಾಕುತ್ತಾರೆ, ಅದೂ ಕಾಂಡ್ಲಾದ ಒಳಗೆ. ಹಕ್ಕಿ ಒಂದೂ ಉಳಿಯಲ್ಲ. ಬೇಡ ಅಂದರೆ ನಿಲ್ಲಿಸುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಆದರೆ ಕೇಳಬೇಕು. ಈ ಹೊಳೆಯ ಮೂಲಕ ಏನೇನು ಹೋಗಿದೆ ಅಂತ ಯಾರೂ ಹೇಳಲ್ಲ. ಘಟ್ಟದ ಮೇಲಿನ ಕಾಳುಮೆಣಸು ಗೇರುಸೊಪ್ಪಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ಇದೇ ದಾರಿಯಾಗಿ ಬಂದರಿಗೆ ಬಂದು ಹಡಗು ಹತ್ತುತ್ತಿತ್ತು. ಗೇರುಸೊಪ್ಪದಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೆದರು. 1552ರಿಂದ 1606ರ ತನಕ, ಅರ್ಧ ಶತಮಾನಕ್ಕೂ ಜಾಸ್ತಿ ಆಳಿದ ಹೆಣ್ಣುಮಗಳು. ಅದಕ್ಕೂ ಇನ್ನೂರು ವರ್ಷ ಹಿಂದೆ, 1340ರ ದಶಕದಲ್ಲಿ, ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ಇಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ನೋಡಿದೆ ಅಂತ ಬರೆದಿಟ್ಟಿದ್ದಾನೆ. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಇದೂ ಒಂದು. 1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಬಂದು ಇಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟ. ಅಳಿವೆಯಾಚೆ ಸಮುದ್ರದಲ್ಲಿ ಬಸವರಾಜ ದುರ್ಗ ಅನ್ನುವ ನಡುಗಡ್ಡೆ ಇದೆ, ಅದರ ಮೇಲೆ ಕೆಳದಿ ಅರಸರ ಕಾಲದ ಕೋಟೆ ಇದೆ. ಇಷ್ಟೆಲ್ಲಾ ಇರುವ ನೀರಿನ ಮೇಲೆ ಕೂತು ನಾವು ಹುಟ್ಟುಹಬ್ಬದ ಕೇಕು ಕತ್ತರಿಸಿ ಬರುತ್ತೇವೆ ಅಂದರೆ ನನಗೆ ನೋವಾಗುತ್ತದೆ. ಊರಿನ ಓದಿದ ಹುಡುಗರು ನಾಲ್ಕು ಜನ ಸೇರಿ ಒಂದು ಗಂಟೆಯ ಕಥೆ ಕಟ್ಟಿಕೊಟ್ಟರೆ ದೋಣಿಯವರೇ ಚೆನ್ನಾಗಿ ಹೇಳುತ್ತಾರೆ. ಯಕ್ಷಗಾನ ನೋಡಿ ಬೆಳೆದ ಸೀಮೆ ಇದು. ಇಡಗುಂಜಿ ಮೇಳ ಕಟ್ಟಿದ ಕೆರೆಮನೆಯವರ ಊರು ಗುಣವಂತೆ ಇದೇ ತಾಲ್ಲೂಕಿನಲ್ಲಿದೆ. ಮಾತಿಗೆ ಇಲ್ಲಿ ಬರ ಇಲ್ಲ.

ಸಾಧ್ಯವಾದರೆ ವಾಪಸ್ ಬರುವಾಗ ಸೇತುವೆ ದಾಟಿ ಬಂದರಿನ ಕಡೆಗೂ ಸ್ವಲ್ಪ ಹೋಗೋಣ ಅಂತ ಕೇಳಿ. ಎಲ್ಲರೂ ಒಪ್ಪಲ್ಲ, ಗಾಳಿ ಇದ್ದರೆ ಯಾರೂ ಒಪ್ಪಲ್ಲ, ಆಗ ಒತ್ತಾಯ ಮಾಡಬೇಡಿ. ಅಳಿವೆ ಆಟದ ಜಾಗ ಅಲ್ಲ. ಹೊಳೆ ತಂದ ಮರಳು, ಕಡಲು ತಂದ ಮರಳು ಎರಡೂ ಬಾಯಲ್ಲೇ ಕೂತು ದಿಣ್ಣೆಯಾಗುತ್ತದೆ, ದಿಣ್ಣೆ ಒಂದೇ ಕಡೆ ನಿಲ್ಲಲ್ಲ, ಮಳೆಗಾಲ ಕಳೆದರೆ ದಾರಿ ಬದಲಾಗಿರುತ್ತದೆ. ಇಲ್ಲಿ ಮೀನಿನ ಬೋಟುಗಳು ಅಲೆಗೆ ಸಿಕ್ಕಿ ಮಗುಚಿದ್ದೂ ಇದೆ. ಈ ಬಂದರು ಯಾಕೆ ಸಣ್ಣದಾಗಿ ಉಳಿಯಿತು ಅನ್ನೋದಕ್ಕೆ ಉತ್ತರವೂ ಈ ಮರಳಿನಲ್ಲೇ ಇದೆ. ಹಾಯಿ ಹಡಗಿನ ಕಾಲಕ್ಕೆ ಒಳಗೆ ಆಳ ಸಾಕಿತ್ತು, ಬಿರುಗಾಳಿಯಿಂದ ಮರೆಯೂ ಸಿಗುತ್ತಿತ್ತು. ಹಡಗು ದೊಡ್ಡದಾಗುತ್ತಾ ಹೋದ ಹಾಗೆ ಬಾಗಿಲು ಸಾಲದಾಯಿತು. ಮಂಗಳೂರು, ಕಾರವಾರದ ಕಡೆ ದೊಡ್ಡ ಹಡಗು ಹೋದವು, ಇಲ್ಲಿ ಮೀನು ಉಳಿಯಿತು.

ಮೀನು ಉಳಿದದ್ದು ಸಣ್ಣ ಮಾತಲ್ಲ. ಬೆಳಿಗ್ಗೆ ದಕ್ಕೆಗೆ, ಅಂದರೆ ಮೀನಿನ ಬೋಟು ಬಂದು ನಿಲ್ಲುವ ಕಟ್ಟೆಗೆ, ಹೋಗಿ ನೋಡಿ. ಐಸು ತುಂಬಿದ ಪೆಟ್ಟಿಗೆ, ಬಂಗಡೆಯ ರಾಶಿ, ಹರಾಜು ಕೂಗುವ ದನಿ, ಬುಟ್ಟಿ ಹಿಡಿದು ಜಗಳಕ್ಕೆ ನಿಂತಿರುವ ಹೆಂಗಸರು. ಕನ್ನಡ, ಕೊಂಕಣಿ, ನವಾಯತ ಮುಸ್ಲಿಮರ ನವಾಯತಿ ಮೂರೂ ಒಂದೇ ವ್ಯಾಪಾರದಲ್ಲಿ ಕೇಳಿಸುತ್ತವೆ. ಕಾಸರಕೋಡ ಟೊಂಕದಲ್ಲಿ ಮರಳಿನ ಮೇಲೆ ಮೀನು ಒಣಗಿಸುತ್ತಾರೆ. ಅದೇ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ. ಅಲ್ಲೇ ದೊಡ್ಡ ವಾಣಿಜ್ಯ ಬಂದರು ಕಟ್ಟುವ ಯೋಜನೆ ಬಂದು, ಮೀನುಗಾರರು ವರ್ಷಗಟ್ಟಲೆ ವಿರೋಧಿಸುತ್ತಾ ಬಂದಿದ್ದಾರೆ. ನಾನು ಅವರ ಪರ. ದೋಣಿಯಲ್ಲಿ ಕೂತು ಆ ಮರಳಿನ ಪಟ್ಟಿ ಎಷ್ಟು ಕಿರಿದು, ಅದರ ಮೇಲೆ ಎಷ್ಟು ಮನೆ ಇವೆ ಅಂತ ನೋಡಿದರೆ ನೀವೂ ಹಾಗೇ ಅನ್ನಬಹುದು.

ಸುರಕ್ಷತೆ ವಿಷಯದಲ್ಲಿ ಎಲ್ಲರೂ ಒಂದೇ ಥರ ಇಲ್ಲ. ನಾವು ಮೊದಲು ಹತ್ತಲು ಹೊರಟ ದೋಣಿಯಲ್ಲಿ ಲೈಫ್ ಜಾಕೆಟ್ ಇತ್ತು, ಆದರೆ ಒಂದೇ ಹಗ್ಗಕ್ಕೆ ಎಲ್ಲವನ್ನೂ ಸೇರಿಸಿ ಚಪ್ಪರಕ್ಕೆ ಕಟ್ಟಿದ್ದರು. ಬಿಚ್ಚಿ ಕೊಡಿ ಅಂದರೆ ‘ನೀರು ಆಳ ಇಲ್ಲ, ಬೇಡ’ ಅಂದರು. ಮಕ್ಕಳ ಅಳತೆಯದ್ದು ಇರಲೇ ಇಲ್ಲ. ನಾವು ಇಳಿದು ಪಕ್ಕದ ದೋಣಿಗೆ ಹೋದೆವು. ಅಲ್ಲಿ ಕೇಳುವ ಮುಂಚೆಯೇ ಹಾಕಿಸಿದರು, ಪಟ್ಟಿ ಎಳೆದು ನೋಡಿದರು, ಮಕ್ಕಳಿಗೆ ಬೇರೆ ಸಣ್ಣದು ತೆಗೆದುಕೊಟ್ಟರು. ನೀರು ಆಳ ಇಲ್ಲ ಅನ್ನೋ ಮಾತು ಕೇಳಬೇಡಿ. ಇಳಿತದ ಸೆಳೆತ ಜೋರಿರುತ್ತದೆ, ಈಜು ಬಲ್ಲವರನ್ನೂ ಎಳೆಯುತ್ತದೆ. ಶನಿವಾರ, ಭಾನುವಾರ ಜನ ತುಂಬಿಸುವ ಚಟವೂ ಕೆಲವರಿಗೆ ಇದೆ, ಆಗ ದೋಣಿ ಅಂಚಿನ ತನಕ ಕುಸಿದಿರುತ್ತದೆ. ವಾರದ ನಡುವೆ ಹೋದರೆ ಈ ತಾಪತ್ರಯ ಇಲ್ಲ, ರೇಟೂ ಮಾತಾಡಬಹುದು. ದಡದಲ್ಲಿ ಶೌಚಾಲಯ ಹುಡುಕಬೇಕು. ಹೆಂಗಸರು, ವಯಸ್ಸಾದವರು ಇದ್ದರೆ ಊರಿನ ಹೋಟೆಲಿನಲ್ಲೇ ಮುಗಿಸಿಕೊಂಡು ಹೊರಡಿ. ಮಂಡಿನೋವಿರುವವರಿಗೆ ದೋಣಿಗೆ ಕಾಲಿಡೋದು ಕಷ್ಟ, ಹಲಗೆ ಹಾಕಿ ಕೈ ಹಿಡಿಯುತ್ತಾರೆ, ಆದರೂ ಹಲಗೆ ಅಲ್ಲಾಡುತ್ತದೆ. ಇನ್ನು ಕಾಂಡ್ಲಾ ಬೇರಿಗೆ ಸಿಕ್ಕಿಕೊಂಡ ಚಿಪ್ಸ್ ಪಾಕೀಟು, ನೀರಿನ ಬಾಟ್ಲಿ. ಅದಕ್ಕೆ ದೋಣಿಯವರನ್ನು ಬೈಯಲಾರೆ, ಎಸೆಯೋರು ನಮ್ಮಂಥ ಪ್ರವಾಸಿಗರು. ನಮ್ಮ ದೋಣಿಯವರು ಒಂದು ಕೋಲಿನಲ್ಲಿ ಎರಡು ಬಾಟ್ಲಿ ಎತ್ತಿ ಒಳಗೆ ಹಾಕಿಕೊಂಡರು, ಯಾರಿಗೂ ಏನೂ ಹೇಳಲಿಲ್ಲ.

ಸವಾರಿ ಮುಗಿದ ಮೇಲೆ ಹೆದ್ದಾರಿಯ ದೊಡ್ಡ ಹೋಟೆಲು ಬಿಟ್ಟು ಊರಿನ ಒಳಗೆ ಬನ್ನಿ. ದೋಣಿಯವರನ್ನೇ ಕೇಳಿ, ‘ನೀವು ಎಲ್ಲಿ ಊಟ ಮಾಡ್ತೀರಿ’ ಅಂತ. ನಮ್ಮನ್ನು ಕಳಿಸಿದ್ದು ನಾಲ್ಕೈದು ಮೇಜಿನ ಒಂದು ಖಾನಾವಳಿಗೆ. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಅನ್ನೋ ಘಾಟಿನ ಮಸಾಲೆ ಕಾಯಿ ಹಾಕಿದ ಬಂಗಡೆ ಸಾರು, ರವೆ ಹಚ್ಚಿ ಕಾಯಿಸಿದ ನೊಗ್ಲಿ ಮೀನು, ಶೆಟ್ಲಿ (ಸೀಗಡಿ) ಸುಕ್ಕ, ಕೊನೆಗೆ ಮುರುಗಲ (ಕೋಕಂ) ಕಡಿ. ಜುಮ್ಮನಕಾಯಿಯ ಆ ಘಾಟು ಘಟ್ಟದ ಮೇಲಿನವರಿಗೆ ಮೊದಲ ತುತ್ತಿಗೆ ಹೊಸದು ಅನ್ನಿಸುತ್ತದೆ, ಮೂರನೇ ತುತ್ತಿಗೆ ಬೇಕೇ ಬೇಕು ಅನ್ನಿಸುತ್ತದೆ. ಮೀನು ತಿನ್ನದವರಿಗೂ ಊರಿನಲ್ಲಿ ಒಳ್ಳೆ ಊಟ ಸಿಗುತ್ತದೆ, ಪರದಾಡಬೇಕಿಲ್ಲ. ಸಂಜೆಗೆ ಕಾಸರಕೋಡದ ಕಡಲತೀರ ಇದೆ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕಿದ ತೀರ, ಸ್ವಚ್ಛವಾಗಿದೆ, ಮಕ್ಕಳಿಗೆ ಆಡೋದಕ್ಕೆ ಜಾಗ ಇದೆ.

ನನ್ನ ಅಂಕ 5ಕ್ಕೆ 4. ಒಂದು ಅಂಕ ಲೈಫ್ ಜಾಕೆಟ್ ಮತ್ತು ಸ್ಪೀಕರ್‌ಗಾಗಿ ಕಡಿಮೆ ಮಾಡಿದ್ದೇನೆ. ಜೂನ್, ಜುಲೈನಲ್ಲಿ ಈ ಸವಾರಿಗೆ ಅಂತ ಹೋಗಬೇಡಿ. ಮಳೆ ಜೋರು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವೂ ಇರುತ್ತದೆ, ಹಾಗಾಗಿ ದಕ್ಕೆಯಲ್ಲೂ ನೋಡೋದಕ್ಕೆ ಜಾಸ್ತಿ ಇರಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಬಿಸಿಲು ಏರುವ ಮುಂಚೆ ಹತ್ತಿ, ಟೋಪಿ, ಕುಡಿಯುವ ನೀರು ಇಟ್ಟುಕೊಳ್ಳಿ, ಕೈಯಲ್ಲಿ ನಗದು ಇರಲಿ. ಕೆಲವು ಕಡೆ ನೆಟ್‌ವರ್ಕ್ ಸಿಗದೆ ಫೋನಿನಲ್ಲಿ ದುಡ್ಡು ಹೋಗಲ್ಲ.